ದೇವರ ಮುಂದೆ ಹೇಳದ ಹೆಸರು

ಆಪ್ತಸಲಹೆಗೆಂದು ನನ್ನ ಬಳಿ ಬಂದ ತಾಯಿಯೊಬ್ಬರ ಪ್ರಕರಣ ಇದು. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಕೆಲವನ್ನು ಬಿಟ್ಟಿದ್ದೇನೆ. ಅವರ ಧರ್ಮ ಯಾವುದು ಎಂದೂ ಹೇಳುವುದಿಲ್ಲ. ಯಾಕೆಂದರೆ ಇದೇ ಮಾತನ್ನು ಬೇರೆ ಬೇರೆ ನಂಬಿಕೆಯವರ ಬಾಯಲ್ಲಿ ಕೇಳಿದ್ದೇನೆ. ದೇವರ ಹೆಸರು ಬದಲಾಗುತ್ತದೆ, ಅಳಲು ಮಾತ್ರ ಅದೇ. "ಪ್ರಾರ್ಥನೆ ಮಾಡ್ತೀನಿ, ಸಮಾಧಾನ ಸಿಗುತ್ತೆ, ಆದರೆ ನಿಲ್ಲೋದಿಲ್ಲ. ನನ್ನ ನಂಬಿಕೆಯಲ್ಲೇ ಏನೋ ಕೊರತೆ ಇದೆ."

ಹೀಗೆ ಹೇಳುವವರು ಬಂದಾಗ ಮೊದಮೊದಲು ನಾನು ಅವಸರ ಮಾಡುತ್ತಿದ್ದೆ. "ಹಾಗೇನಿಲ್ಲ, ನಿಮ್ಮ ನಂಬಿಕೆ ಗಟ್ಟಿಯಾಗಿಯೇ ಇದೆ" ಎಂದು ಧೈರ್ಯ ಹೇಳಿ ಕಳಿಸುತ್ತಿದ್ದೆ. ಒಂದು ವಾರ ಹಗುರಾಗಿರುತ್ತಿದ್ದರು. ಮತ್ತೆ ಅದೇ ಪ್ರಶ್ನೆ ಹೊತ್ತು ಬರುತ್ತಿದ್ದರು. ನಾನು ಕೊಟ್ಟ ಸಮಾಧಾನವೂ ನಿಲ್ಲುತ್ತಿರಲಿಲ್ಲ. ದಾರಿ ತಪ್ಪಿದೆ ಎಂದು ನನಗೆ ತಿಳಿದದ್ದು ಈ ತಾಯಿ ಬಂದ ಮೇಲೆ.

ಐವತ್ತರ ಆಸುಪಾಸಿನವರು. ಇಪ್ಪತ್ತೆರಡು ವರ್ಷದ ಮಗಳು ಕಾಯಿಲೆಯಿಂದ ತೀರಿಕೊಂಡಿದ್ದಳು. ನನ್ನ ಬಳಿ ಬರುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಕೆಲಸಕ್ಕೆ ಹೋಗುತ್ತಿದ್ದರು, ಮನೆ ನೋಡಿಕೊಳ್ಳುತ್ತಿದ್ದರು. ಹೊರಗಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಬದಲಾಗಿದ್ದು ಅವರ ಪ್ರಾರ್ಥನೆ. ಮೊದಲು ದಿನಕ್ಕೆ ಅರ್ಧ ಗಂಟೆ ಇದ್ದದ್ದು ಈಗ ನಾಲ್ಕು ಗಂಟೆ ಆಗಿತ್ತು. ಬೆಳಗಿನ ಜಾವ ಎದ್ದು ಕೂರುತ್ತಿದ್ದರು, ರಾತ್ರಿ ಮತ್ತೆ ಕೂರುತ್ತಿದ್ದರು. ಮುಗಿಸಿ ಎದ್ದ ತಕ್ಷಣ ಎದೆಯೊಳಗೆ ಇಣುಕಿ ನೋಡುವ ಅಭ್ಯಾಸ. ಸಮಾಧಾನ ಬಂತಾ? ಇನ್ನೂ ಇದೆಯಾ? ಎಷ್ಟು ಹೊತ್ತು ಇತ್ತು? ಅವರು ಗಡಿಯಾರ ಇಟ್ಟುಕೊಂಡೇ ನೋಡಿದ್ದರು. "ನಲವತ್ತು ನಿಮಿಷ. ಅದಕ್ಕಿಂತ ಜಾಸ್ತಿ ಯಾವತ್ತೂ ನಿಂತಿಲ್ಲ" ಎಂದರು.

ಮೊದಲ ದಿನವೇ ಅವರು ಹೇಳಿದ ಇನ್ನೊಂದು ಮಾತು ನನ್ನ ಟಿಪ್ಪಣಿಯಲ್ಲಿ ಹಾಗೇ ಇದೆ. "ಈ ಲೋಕದಲ್ಲಿ ಯಾವುದೂ ನಿಲ್ಲೋದಿಲ್ಲ, ಗೊತ್ತು. ಅದಕ್ಕೇ ನಿಲ್ಲೋದನ್ನ ಹುಡುಕ್ತಾ ಇದೀನಿ. ಅದೂ ನಿಲ್ಲದೇ ಹೋದರೆ ನಾನೆಲ್ಲಿಗೆ ಹೋಗ್ಲಿ?"

ಯಾವುದೂ ನಿಲ್ಲುವುದಿಲ್ಲ ಎಂದು ಅವರಿಗೆ ಹೇಳದವರೇ ಇರಲಿಲ್ಲ. ಹುಟ್ಟಿದವರು ಸಾಯಲೇಬೇಕು, ಬದುಕು ನೀರ ಮೇಲಿನ ಗುಳ್ಳೆ, ಅವಳ ಋಣ ಇದ್ದದ್ದೇ ಅಷ್ಟು. ಸಾವಿಲ್ಲದ ಮನೆಯ ಸಾಸಿವೆ ತರಲು ಹೋದ ತಾಯಿಯ ಕಥೆಯನ್ನು ಮೂರು ಜನ ಬೇರೆ ಬೇರೆ ದಿನ ಹೇಳಿದ್ದರಂತೆ. ಆ ಕಥೆಯ ಬಗ್ಗೆ ನನಗೆ ತುಂಬ ಗೌರವ. ಆದರೆ ಅದನ್ನು ಹೇಳುವವರು ಒಂದನ್ನು ಮರೆಯುತ್ತಾರೆ. ಮಗುವಿನ ಹೆಣ ಹೊತ್ತು ಬಂದ ಆ ತಾಯಿಗೆ ಬುದ್ಧ "ಎಲ್ಲರೂ ಸಾಯುತ್ತಾರೆ" ಎಂದು ಮೊದಲೇ ಹೇಳಲಿಲ್ಲ. ಮನೆಯಿಂದ ಮನೆಗೆ ಕಳಿಸಿದ. ಒಂದೊಂದು ಬಾಗಿಲಲ್ಲೂ ಆಕೆ ತನ್ನ ಮಗುವಿಗೆ ಏನಾಯಿತೆಂದು ಹೇಳಬೇಕಾಯಿತು, ಆ ಮನೆಯವರ ಸಾವನ್ನೂ ಕೇಳಬೇಕಾಯಿತು. ನಾವು ಆ ನಡಿಗೆಯನ್ನು ಬಿಟ್ಟು ಕೊನೆಯ ಸಾಲನ್ನು ಮಾತ್ರ ಅಳುವವರ ಕೈಗೆ ಕೊಡುತ್ತೇವೆ.

ಆರಂಭದಲ್ಲೇ ಒಂದು ವಿಷಯ ನೇರವಾಗಿ ಕೇಳಿದೆ. "ಮಗಳ ಹತ್ತಿರ ಹೋಗಿಬಿಡಬೇಕು ಅನ್ನಿಸುತ್ತಾ? ಸಾಯುವ ದಾರಿ ಯೋಚನೆ ಮಾಡಿದ್ದೀರಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಹಾಗೇನೂ ಆಗುವುದಿಲ್ಲ. ಕೇಳಿದ್ದಕ್ಕೆ ಹೆಚ್ಚಿನವರಿಗೆ ಹಗುರವೇ ಆಗುತ್ತದೆ. ಅವಳನ್ನು ನೋಡಬೇಕು ಎಂಬ ಹಂಬಲ ಇವರಿಗಿತ್ತು, ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಅದೇ ದಿನ ಮನೋವೈದ್ಯರ ಬಳಿ ಕರೆದೊಯ್ಯಲು ಮನೆಯವರಿಗೆ ಹೇಳುತ್ತಿದ್ದೆ. ಪ್ರಾರ್ಥನೆಯ ಮಾತೆಲ್ಲ ಆಮೇಲೆ.

ಕಾಯಿಲೆಯ ಹೆಸರು ಹಚ್ಚುವ ಅವಸರವನ್ನೂ ಮಾಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ತಗ್ಗದೆ ಉಳಿದ ದುಃಖಕ್ಕೆ ಪ್ರತ್ಯೇಕ ಹೆಸರಿದೆ. ಅಲ್ಲಿ ಕನಿಷ್ಠ ಆರು ತಿಂಗಳು ಎಂಬ ಲೆಕ್ಕ. ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿಯ 2022ರ ಆವೃತ್ತಿಯಲ್ಲಿ ದೊಡ್ಡವರಿಗೆ ಒಂದು ವರ್ಷ. ಆದರೆ ಎರಡೂ ತಿಂಗಳನ್ನಷ್ಟೇ ಎಣಿಸುವುದಿಲ್ಲ. ದಿನದ ಬದುಕು ಕುಸಿದಿದೆಯಾ, ಅವರ ಸಮಾಜ ಮತ್ತು ಧರ್ಮದಲ್ಲಿ ಸಹಜ ಎನ್ನಿಸುವುದನ್ನು ಆ ದುಃಖ ಮೀರಿದೆಯಾ ಎಂದೂ ನೋಡುತ್ತವೆ. ಇವರ ಬದುಕು ಕುಸಿದಿರಲಿಲ್ಲ. ಒಂದು ಕಡೆ ಬಿಗಿಯಾಗಿ ಕಟ್ಟಿಕೊಂಡಿತ್ತು.

ಗಂಟು ಎಲ್ಲಿದೆ ಎಂದು ಗೊತ್ತಾದದ್ದು ನಾಲ್ಕನೇ ಭೇಟಿಯಲ್ಲಿ.

ಆ ದಿನ ಅವರು ಬರುವಾಗಲೇ ಸುಸ್ತಾಗಿದ್ದರು. ಪ್ರಾರ್ಥನೆಯನ್ನು ಐದು ಗಂಟೆಗೆ ಏರಿಸಿದ್ದರು, ಆದರೂ ನಲವತ್ತು ನಿಮಿಷ ಇಪ್ಪತ್ತಕ್ಕೆ ಇಳಿದಿತ್ತು. ನನಗೆ ಹೇಳಲು ಏನೂ ಹೊಳೆಯಲಿಲ್ಲ. ಸುಮ್ನೆ ಕೇಳಿದೆ, "ದೇವರ ಹತ್ತಿರ ಏನು ಮಾತಾಡ್ತೀರಿ?"

"ಹೊಗಳ್ತೀನಿ. ಕ್ಷಮೆ ಕೇಳ್ತೀನಿ. ಶಾಂತಿ ಕೊಡು ಅಂತೀನಿ."

"ಮಗಳ ಬಗ್ಗೆ?"

ಅವರು ತಲೆ ಅಲ್ಲಾಡಿಸಿದರು. "ಇಲ್ಲ."

"ಅವಳ ಹೆಸರು?"

"ಹೇಳಲ್ಲ. ಹೇಳಿದರೆ ಅಳು ಬಂದುಬಿಡುತ್ತೆ. ದೇವರ ಮುಂದೆ ಅತ್ತರೆ ಅವನು ಮಾಡಿದ್ದು ಸರಿ ಇಲ್ಲ ಅಂದಂಗಾಗುತ್ತೆ ಅಲ್ವಾ? ಅದು ನಂಬಿಕೆ ಇರೋರು ಮಾಡೋ ಕೆಲಸ ಅಲ್ಲ."

"ಎಂಟು ತಿಂಗಳಲ್ಲಿ ಒಮ್ಮೆಯೂ ಇಲ್ವಾ?"

"ಈಗ ಒಂಬತ್ತಾಯ್ತು" ಎಂದರು.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ ಮಾತನ್ನು ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. "ಹಾಗಾದರೆ ದಿನಾ ಐದು ಗಂಟೆ ದೇವರ ಹತ್ತಿರ ಕೂರುವಾಗ ಮಗಳನ್ನು ಬಾಗಿಲ ಹೊರಗೇ ನಿಲ್ಲಿಸಿ ಒಳಗೆ ಹೋಗ್ತೀರಿ."

ಅವರು ನನ್ನನ್ನು ನೋಡಿದ ರೀತಿ ಕಂಡು ಹೆಚ್ಚಾಯಿತೇನೋ ಎಂದು ಹೆದರಿದೆ. ಅವರ ಕೈ ಬಾಯಿಗೆ ಹೋಯಿತು. ಬೆರಳುಗಳ ಹಿಂದಿನಿಂದಲೇ ಹೇಳಿದರು, "ಎದ್ದು ಬಂದ ತಕ್ಷಣ ಅಲ್ಲೇ ನಿಂತಿರ್ತಾಳೆ. ನಲವತ್ತು ನಿಮಿಷ ನಾನು ಅವಳ ಮುಖ ನೋಡದೇ ಓಡಾಡ್ತೀನಿ. ಅಷ್ಟೇ ನನ್ನ ಸಮಾಧಾನ."

ಆಮೇಲೆ ಅತ್ತರು. ಆ ಭೇಟಿಯ ಉಳಿದ ಹೊತ್ತೆಲ್ಲ ಅಳುವಿನಲ್ಲೇ ಹೋಯಿತು. ನಾನು ತಡೆಯಲಿಲ್ಲ, ಏನನ್ನೂ ವಿವರಿಸಲೂ ಇಲ್ಲ.

ಸಲಹೆ ಕೊಟ್ಟದ್ದು ಮುಂದಿನ ವಾರ. ಪ್ರಾರ್ಥನೆ ಬಿಡಿ ಎಂದು ಹೇಳಲಿಲ್ಲ. ಮೊದಲಿನಂತೆ ಅರ್ಧ ಗಂಟೆಗೆ ತನ್ನಿ ಎಂದೆ. ಆ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಮಗಳಿಗೆ. ಅವಳ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಹೇಳಬೇಕು. ಕೋಪ ಇದ್ದರೆ ಕೋಪ, "ಯಾಕೆ ಹೀಗೆ ಮಾಡಿದೆ" ಅನ್ನುವುದಿದ್ದರೆ ಅದು. ಮಾತು ಬರದಿದ್ದರೆ ಹೆಸರಷ್ಟೇ ಸಾಕು. ಹೊತ್ತು ಮುಗಿದ ಮೇಲೆ ಎದ್ದು ಕೈಗೆ ಸಿಕ್ಕ ಯಾವುದಾದರೂ ಮನೆಗೆಲಸ ಹಿಡಿಯಬೇಕು. ಸಮಾಧಾನ ಬಂತಾ ಎಂದು ಒಳಗೆ ಇಣುಕುವುದು ಬೇಡ, ಗಡಿಯಾರವಂತೂ ಬೇಡವೇ ಬೇಡ. ಈ ಕೊನೆಯದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಯಾಕೆ ಹೀಗೆ ಹೇಳಿದೆ ಎಂದು ಇಲ್ಲಿ ಬಿಡಿಸಿ ಹೇಳಬೇಕು. ನಿದ್ದೆ ಬಂತಾ ನಿದ್ದೆ ಬಂತಾ ಎಂದು ನೋಡುತ್ತಾ ಮಲಗಿದವರಿಗೆ ನಿದ್ದೆ ಬರುವುದಿಲ್ಲ. ನೋಡುವ ಕೆಲಸವೇ ಎಚ್ಚರ. ಸಮಾಧಾನಕ್ಕೂ ಇದೇ ಆಗುತ್ತದೆ. ಕಳವಳ ಬಂದಾಗಲೆಲ್ಲ ಅದನ್ನು ತಗ್ಗಿಸಲೆಂದೇ ಒಂದು ಕೆಲಸಕ್ಕೆ ಓಡಿದರೆ, ಆ ಕೆಲಸ ತುಸು ಹೊತ್ತು ಹಗುರ ಮಾಡುತ್ತದೆ. ಹಗುರಾದದ್ದರಿಂದ ಮನಸ್ಸು ಅದನ್ನೇ ಮತ್ತೆ ಕೇಳುತ್ತದೆ. ಮುಂದಿನ ಸಲ ಇನ್ನೂ ಜಾಸ್ತಿ ಬೇಕಾಗುತ್ತದೆ. ಪದೇ ಪದೇ ಕೈ ತೊಳೆಯುವವರಲ್ಲಿ, ಬಾಗಿಲ ಚಿಲಕವನ್ನು ಹತ್ತು ಸಲ ನೋಡುವವರಲ್ಲಿ ನಾವು ಕಾಣುವುದು ಇದೇ ಸುತ್ತು. ಪ್ರಾರ್ಥನೆ ಪವಿತ್ರವಾದದ್ದು ಎಂಬ ಕಾರಣಕ್ಕೆ ಅದು ಈ ಸುತ್ತಿಗೆ ಸಿಕ್ಕಿಕೊಳ್ಳುವುದಿಲ್ಲ ಎಂದೇನಿಲ್ಲ. ಪವಿತ್ರವಾದದ್ದಾದ್ದರಿಂದಲೇ ಯಾರೂ ಅನುಮಾನ ಪಡುವುದಿಲ್ಲ, ವರ್ಷಗಟ್ಟಲೆ ನಡೆಯುತ್ತದೆ.

ಇನ್ನೊಂದು ಕಾರಣ ದುಃಖದ ನಡಿಗೆಗೆ ಸೇರಿದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ ಎಂಬ ಸಂಶೋಧಕರು 1999ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಕಳೆದುಕೊಂಡವರ ಮನಸ್ಸು ಒಮ್ಮೆ ನೋವಿನ ಕಡೆ ತಿರುಗುತ್ತದೆ, ಒಮ್ಮೆ ಬದುಕಿನ ಕೆಲಸದ ಕಡೆ ತಿರುಗುತ್ತದೆ, ಹೀಗೆ ಆಚೆ ಈಚೆ ಆಡುತ್ತಲೇ ಹೊಂದಿಕೊಳ್ಳುತ್ತದೆ ಎಂಬುದು ಅದರ ಸಾರ. ಅಂದರೆ ಸಮಾಧಾನ ಬಂದು ಹೋಗುವುದು ದುಃಖದ ಸಹಜ ಲಯ. ಇವರು ಅದನ್ನೇ ತಮ್ಮ ನಂಬಿಕೆ ಸೋತದ್ದಕ್ಕೆ ಸಾಕ್ಷಿ ಎಂದುಕೊಂಡಿದ್ದರು. ನೋವಿನ ಕಡೆ ಮನಸ್ಸು ತಿರುಗಿದಾಗೆಲ್ಲ ಪ್ರಾರ್ಥನೆಯ ಬಾಗಿಲು ಹಾಕಿ ತಡೆಯುತ್ತಿದ್ದರು.

ಈ ಸಲಹೆಗೆ ಎರಡೂ ಕಡೆಯಿಂದ ಮಾತು ಕೇಳಿದ್ದೇನೆ. ಅವರ ಮನೆಯ ಹಿರಿಯರೊಬ್ಬರು ಫೋನ್ ಮಾಡಿದರು. ಆ ತಾಯಿಯ ಒಪ್ಪಿಗೆ ಪಡೆದೇ ಮಾತಾಡಿದೆ. "ದೇವರ ಜೊತೆ ಜಗಳ ಆಡೋದನ್ನ ಕಲಿಸ್ತಾ ಇದೀರಿ. ಇದ್ದ ನಂಬಿಕೆಯೂ ಹೋಗುತ್ತೆ" ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಜಗಳ ಆಗಲೇ ಇತ್ತು. ಒಂಬತ್ತು ತಿಂಗಳು ಅದನ್ನು ನುಂಗಿಕೊಂಡು ಆ ತಾಯಿ ಹೊಗಳುತ್ತಾ ಕೂತಿದ್ದರು. ತೀರ ಹತ್ತಿರದವರ ಜೊತೆ ಮಾತ್ರ ನಾವು ಮನಸ್ಸು ಬಿಚ್ಚಿ ಕೋಪ ಮಾಡಿಕೊಳ್ಳುತ್ತೇವೆ. ದೇವರ ಜೊತೆ ಬರೀ ಮರ್ಯಾದೆಯ ಮಾತು ಉಳಿದರೆ ಅಲ್ಲಿ ದೂರ ಬೆಳೆಯುತ್ತಿದೆ ಎಂದು ನನಗನ್ನಿಸುತ್ತದೆ. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇನ್ನೊಂದು ಮಾತು ಬಂದದ್ದು ನನ್ನದೇ ವೃತ್ತಿಯವರಿಂದ. ದೇವರು, ಪ್ರಾರ್ಥನೆ ಎಲ್ಲ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ದುಃಖಕ್ಕೆ ಮಾತ್ರ ಸಲಹೆ ಕೊಡಬೇಕಿತ್ತು ಎಂದರು. ಒಪ್ಪುವುದಿಲ್ಲ. ದೇವರಿದ್ದಾನೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ, ನಿಜ. ಆದರೆ ದಿನಕ್ಕೆ ಐದು ಗಂಟೆ ಒಬ್ಬ ಮನುಷ್ಯ ಎಲ್ಲಿ ಕೂರುತ್ತಾನೋ ಆ ಜಾಗವನ್ನು ಕೇಳದೇ ಬಿಟ್ಟರೆ ನಾನು ಯಾರಿಗೆ ಸಲಹೆ ಕೊಟ್ಟಂತಾಯಿತು? ಅಮೆರಿಕದ ಮನಶ್ಶಾಸ್ತ್ರಜ್ಞ ಕೆನ್ನೆತ್ ಪಾರ್ಗಮೆಂಟ್ ಮತ್ತು ಅವರ ಜೊತೆಗಾರರು 55 ವರ್ಷ ದಾಟಿದ 596 ಆಸ್ಪತ್ರೆ ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇವರು ನನ್ನ ಕೈಬಿಟ್ಟನಾ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲವಾ ಎಂದು ಒದ್ದಾಡುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿತು. ಅವರ ಆರೋಗ್ಯದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅದು ಉಳಿಯಿತು. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೂ ಆ ಒದ್ದಾಟವನ್ನು ಕಡೆಗಣಿಸುವ ಧೈರ್ಯ ನನಗಿಲ್ಲ. ಈ ಲೆಕ್ಕವನ್ನು ಆ ತಾಯಿಗೆ ಹೇಳಲೂ ಇಲ್ಲ. ಭಯದಲ್ಲಿರುವವರಿಗೆ ಇನ್ನೊಂದು ಭಯ ಯಾಕೆ?

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇದೇ ಸ್ಥಿತಿಯಲ್ಲಿದ್ದರೆ ನಿಮಗೂ ಕೇಳುತ್ತೇನೆ. ಪ್ರಾರ್ಥನೆಗೆ ಕೂರುವ ಮುಂಚೆ ಏನನ್ನು ಹೊರಗೆ ಬಿಟ್ಟು ಹೋಗುತ್ತೀರಿ? ಸಾವೇ ಆಗಬೇಕೆಂದಿಲ್ಲ. ಮುರಿದ ಮದುವೆ ಇರಬಹುದು, ಮಾಡಿದ ತಪ್ಪು ಇರಬಹುದು, ಅಪ್ಪನ ಮೇಲಿನ ಸಿಟ್ಟು ಇರಬಹುದು. ಅದನ್ನು ಒಳಗೆ ಕರೆದುಕೊಂಡು ಹೋಗಿ ನೋಡಿ. ಇನ್ನು ಕಳೆದುಕೊಂಡವರ ಪಕ್ಕ ಕೂರುವವರಿಗೆ ಒಂದು ಬೇಡಿಕೆ. ಎಲ್ಲವೂ ಕ್ಷಣಿಕ ಎಂಬ ಮಾತನ್ನು ನಾಲಿಗೆಯ ಮೇಲೇ ತಡೆಯಿರಿ. ತೀರಿಕೊಂಡವರ ಹೆಸರು ಹಿಡಿದು ಒಂದು ಪ್ರಶ್ನೆ ಕೇಳಿ. ಹೇಗಿದ್ದಳು, ಏನು ಇಷ್ಟವಾಗುತ್ತಿತ್ತು ಎಂದು.

ಆ ತಾಯಿ ಮೊದಲ ವಾರ ಹೆಸರು ಹೇಳಲಾಗದೆ ಎದ್ದುಬಿಟ್ಟರಂತೆ. ಎರಡನೇ ವಾರ ಹೇಳಿದರು. ಮೂರನೇ ವಾರ ದೇವರನ್ನು ಬೈದರು, ಆಮೇಲೆ ಎರಡು ದಿನ ಹೆದರಿಕೊಂಡೇ ಇದ್ದರು. ಕೋಪ ಇನ್ನೂ ಪೂರ್ತಿ ಹೋಗಿಲ್ಲ. ಕೆಲವು ದಿನ ಪ್ರಾರ್ಥನೆಗೇ ಕೂರುವುದಿಲ್ಲ. ನಿಲ್ಲುವ ಸಮಾಧಾನ ಸಿಕ್ಕಿತಾ ಎಂದು ನಾನು ಕೇಳಿಲ್ಲ, ಅವರೂ ಆ ಮಾತು ಎತ್ತಿಲ್ಲ.

ಕೊನೆಯ ಭೇಟಿಯಲ್ಲಿ ಅವರು ಒಂದು ಪ್ರಶ್ನೆ ಕೇಳಿದರು. "ಅವಳು ಎಲ್ಲೋ ಇದ್ದಾಳೆ ಅಂತ ನೀವು ನಂಬ್ತೀರಾ?" ನನಗೆ ಗೊತ್ತಿಲ್ಲ ಎಂದೆ. ಅವರಿಗೆ ಬೇಜಾರಾಗಲಿಲ್ಲ. "ನಾನು ನಂಬ್ತೀನಿ" ಎಂದರು. ಆಮೇಲೆ ಮಗಳ ಬಗ್ಗೆ ಹೇಳುತ್ತಾ ಹೋದರು. ಚಪ್ಪಲಿಯನ್ನು ಯಾವತ್ತೂ ಜೋಡಿಯಾಗಿ ಬಿಡುತ್ತಿರಲಿಲ್ಲವಂತೆ. ಒಂದು ಬಾಗಿಲ ಬಳಿ, ಇನ್ನೊಂದು ಎಲ್ಲೋ. ದಿನಾ ಬೈದು ಬೈದು ತಾವೇ ಜೋಡಿಸಿಡುತ್ತಿದ್ದರಂತೆ. ಹೊತ್ತು ಮುಗಿದಿತ್ತು. ಇಬ್ಬರೂ ಏಳಲಿಲ್ಲ.