ಸೀನಿಗೂ ಪಿತ್ತದ ಗಂಧೆಗೂ ಯಾವ ಅಲರ್ಜಿ ಗುಳಿಗೆ ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು. ಮನೆ ಅಣ್ಣಿಗೇರಿಯಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ, ದಿನಾ ಬೈಕ್ ಮೇಲೆ ಓಡಾಟ. ವರ್ಷಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಸೀನು, ಮೂಗು ಸೋರುವುದು. ಈಗ ಎರಡು ತಿಂಗಳಿಂದ ಸಂಜೆ ಹೊತ್ತಿಗೆ ಮೈಮೇಲೆ ಪಿತ್ತದ ಗಂಧೆ ಏಳುತ್ತಿದೆ. ಒಬ್ಬ ಡಾಕ್ಟರು ಲಿವೋಸೆಟ್ರಿಜಿನ್ ಮತ್ತು ಮಾಂಟೆಲುಕಾಸ್ಟ್ ಸೇರಿದ ಗುಳಿಗೆ ಕೊಟ್ಟರು. ಮೆಡಿಕಲ್ ಶಾಪ್‌ನವರು ಏವಿಲ್ ಕೊಟ್ಟರು. ಗೆಳೆಯರು ಫೆಕ್ಸೊಫೆನಡಿನ್ ಒಳ್ಳೆಯದು ಅಂದರು. ಇವುಗಳಲ್ಲಿ ಯಾವುದು ಸ್ಟ್ರಾಂಗ್, ಮತ್ತು 68 ವರ್ಷದ ತಾಯಿಗೂ ಅದನ್ನೇ ಕೊಡಬಹುದಾ ಅಂತ ಕೇಳಿದ್ದೀರಿ.

ನಾನು ಧಾರವಾಡದಲ್ಲಿ ಪ್ರಾಕ್ಟೀಸ್ ಮಾಡುವ ಫಿಜಿಶಿಯನ್. ಮೊದಲು ನೇರ ಉತ್ತರ. ನಿಮಗೆ ಫೆಕ್ಸೊಫೆನಡಿನ್ ಅಥವಾ ಬಿಲಾಸ್ಟಿನ್ ಹೊಂದುತ್ತದೆ. ಅದನ್ನು ಗಂಧೆ ಎದ್ದ ದಿನ ಮಾತ್ರ ನುಂಗದೆ ದಿನಾ ತೆಗೆದುಕೊಳ್ಳಬೇಕು. ಮೂಗಿಗೆ ಗುಳಿಗೆಯ ಜೊತೆ ಸ್ಪ್ರೇ ಬೇಕಾಗಬಹುದು. ಏವಿಲ್ ನುಂಗಿ ಬೈಕ್ ಹತ್ತಬೇಡಿ. ತಾಯಿಯವರಿಗೆ ನಿಮ್ಮ ಗುಳಿಗೆ ಕೊಡಬೇಡಿ, ಅವರ ಲೆಕ್ಕ ಬೇರೆ.

ಇನ್ನು ಕಾರಣ ಹೇಳುತ್ತೇನೆ. "ಏವಿಲ್ ಭಾಳ ಜೋರದ ರೀ ಡಾಕ್ಟ್ರೇ, ನುಂಗಿದ್ ಕೂಡ್ಲೆ ನಿದ್ದಿ ಬರ್ತೈತಿ" ಅಂತ ನನಗೆ ಎಷ್ಟೋ ಜನ ಹೇಳುತ್ತಾರೆ. ನಿದ್ದೆ ಬಂದರೆ ಔಷಧ ಚೆನ್ನಾಗಿ ಕೆಲಸ ಮಾಡಿತು ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅದನ್ನು ಬಿಡಿಸುವುದೇ ಕಷ್ಟ. ಅಲರ್ಜಿ ಆದಾಗ ನಮ್ಮ ಮೈಯೇ ಬಿಡುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಮೂಗಿನಲ್ಲಿ ಸೀನು ತರಿಸುತ್ತದೆ, ಚರ್ಮದಲ್ಲಿ ಗಂಧೆ ಎಬ್ಬಿಸುತ್ತದೆ. ಅಲರ್ಜಿ ಗುಳಿಗೆ ತಡೆಯುವುದು ಅದನ್ನೇ. ಮಿದುಳಿನಲ್ಲಿ ಅದರ ಕೆಲಸವೇ ಬೇರೆ. ಅಲ್ಲಿ ಅದು ನಮ್ಮನ್ನು ಎಚ್ಚರವಾಗಿ ಇಡುತ್ತದೆ. ಏವಿಲ್‌ನಲ್ಲಿರುವ ಫೆನಿರಮಿನ್, ನೆಗಡಿ ಗುಳಿಗೆಗಳಲ್ಲಿ ಬೆರೆತಿರುವ ಕ್ಲೋರ್‌ಫೆನಿರಮಿನ್, ಹೈಡ್ರಾಕ್ಸಿಜಿನ್ ಇವೆಲ್ಲ 1940-50ರ ದಶಕದ, ಹಳೆ ಗುಂಪಿನ ಔಷಧಗಳು. ಇವು ಮಿದುಳಿನೊಳಗೂ ಹೋಗಿ ಅಲ್ಲಿಯ ಹಿಸ್ಟಮಿನ್ ಕೆಲಸವನ್ನೂ ತಡೆಯುತ್ತವೆ. ನಿದ್ದೆ ಬರುವುದು ಅದಕ್ಕೇ. ತುರಿಕೆ ಕಡಿಮೆಯಾಗುವುದಕ್ಕೂ ಆ ನಿದ್ದೆಗೂ ಸಂಬಂಧ ಇಲ್ಲ.

ಬೈಕ್ ಓಡಿಸುವವರು ಗಮನಿಸಬೇಕಾದ ಒಂದು ಅಧ್ಯಯನ ಇದೆ. 2000ನೇ ಇಸವಿಯಲ್ಲಿ ಅಮೆರಿಕದ ಐಯೋವಾದಲ್ಲಿ ಡ್ರೈವಿಂಗ್ ಸಿಮ್ಯುಲೇಟರ್ ಮೇಲೆ ಅಲರ್ಜಿ ಇರುವವರನ್ನು ಕೂರಿಸಿ ಪರೀಕ್ಷೆ ಮಾಡಿದರು. ಹಳೆ ಗುಂಪಿನ ಡೈಫೆನ್‌ಹೈಡ್ರಮಿನ್ ತೆಗೆದುಕೊಂಡವರು ಮದ್ಯ ಕುಡಿದವರಿಗಿಂತ ಕೆಟ್ಟದಾಗಿ ಗಾಡಿ ಓಡಿಸಿದರು. ಫೆಕ್ಸೊಫೆನಡಿನ್ ತೆಗೆದುಕೊಂಡವರಿಗೂ ಔಷಧವಿಲ್ಲದ ಗುಳಿಗೆ ತೆಗೆದುಕೊಂಡವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇನ್ನೂ ದೊಡ್ಡ ವಿಷಯ ಏನಂದರೆ, ನನಗೇನೂ ತೂಕಡಿಕೆ ಇಲ್ಲ ಅಂತ ಅನಿಸಿದರೂ ಗಾಡಿ ಓಡಿಸುವ ಹಿಡಿತ ತಪ್ಪಿರಬಹುದು ಎಂದು ಅಲ್ಲಿ ಗೊತ್ತಾಯಿತು. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಲಾರಿಗಳ ನಡುವೆ ಬರುವವರು ನೀವು. ರಾತ್ರಿ ನುಂಗಿದರೆ ಪರವಾಗಿಲ್ಲ ಅಂದುಕೊಳ್ಳಲೂಬೇಡಿ. ಹಳೆ ಗುಂಪಿನ ಗುಳಿಗೆಗಳ ಮಂಪರು ಮರುದಿನ ಬೆಳಿಗ್ಗೆಯವರೆಗೂ ಉಳಿಯುತ್ತದೆ.

ಸೆಟ್ರಿಜಿನ್, ಲಿವೋಸೆಟ್ರಿಜಿನ್ ಹೊಸ ಗುಂಪಿನವೇ. ಚೆನ್ನಾಗಿಯೇ ಕೆಲಸ ಮಾಡುತ್ತವೆ, ಬೆಲೆಯೂ ಕಡಿಮೆ. ಆದರೆ ಕೆಲವರಿಗೆ ತೂಕಡಿಕೆ ಬರುತ್ತದೆ. ಸೆಟ್ರಿಜಿನ್ 10 ಮಿಲಿಗ್ರಾಂ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 14 ಜನರಿಗೆ ನಿದ್ದೆ ಬಂತು. ಔಷಧವಿಲ್ಲದ ಗುಳಿಗೆ ನುಂಗಿದವರಲ್ಲೂ ನೂರಕ್ಕೆ 6 ಜನರಿಗೆ ಬಂದಿತ್ತು. ಅಂದರೆ ಹೆಚ್ಚಿನವರಿಗೆ ತೊಂದರೆ ಇಲ್ಲ. ನೀವು ಆ ಹೆಚ್ಚಿನವರಲ್ಲಿ ಒಬ್ಬರಾ ಅಂತ ರಜೆ ದಿನ ಮನೆಯಲ್ಲೇ ಇದ್ದು ನೋಡಿಕೊಳ್ಳಬಹುದು. ಲೊರಾಟಡಿನ್, ಡೆಸ್‌ಲೊರಾಟಡಿನ್‌ನಲ್ಲಿ ನಿದ್ದೆ ಇನ್ನೂ ಕಡಿಮೆ. ಫೆಕ್ಸೊಫೆನಡಿನ್ ಮತ್ತು ಬಿಲಾಸ್ಟಿನ್ ಮಿದುಳಿಗೆ ಹೋಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮಗೆ ಈ ಎರಡನ್ನು ಹೇಳಿದ್ದು ಅದಕ್ಕೇ.

ಆದರೆ ಈ ಎರಡನ್ನೂ ಯಾವಾಗ, ಯಾವುದರ ಜೊತೆ ನುಂಗುತ್ತೀರಿ ಅನ್ನುವುದು ಮುಖ್ಯ. ಫೆಕ್ಸೊಫೆನಡಿನ್ ಮೂಗಿಗೆ 120, ಗಂಧೆಗೆ 180 ಮಿಲಿಗ್ರಾಂ, ದಿನಕ್ಕೆ ಒಂದು ಸಲ. ನೀರಿನಲ್ಲೇ ನುಂಗಬೇಕು. ಕಿತ್ತಳೆ, ಮೋಸಂಬಿ, ಸೇಬಿನ ಜ್ಯೂಸ್ ಜೊತೆ ಬೇಡ. ಜ್ಯೂಸ್ ಕುಡಿದರೆ ಔಷಧ ರಕ್ತಕ್ಕೆ ಸೇರುವುದು ಬಹಳ ಕಡಿಮೆಯಾಗುತ್ತದೆ. ಆ್ಯಸಿಡಿಟಿಯ ಬಿಳಿ ಔಷಧವನ್ನೂ ಅದರ ಜೊತೆಗೇ ತೆಗೆದುಕೊಳ್ಳಬಾರದು. ಬಿಲಾಸ್ಟಿನ್ 20 ಮಿಲಿಗ್ರಾಂ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ತಾಸು ಮೊದಲು ಅಥವಾ ಊಟವಾಗಿ ಎರಡು ತಾಸಿನ ಮೇಲೆ. ನಾಷ್ಟಾ ಮಾಡಿ ಗುಳಿಗೆ ನುಂಗುವುದು ನಮ್ಮ ರೂಢಿ. "ದುಬಾರಿ ಗುಳಿಗೆ, ಏನೂ ಉಪಯೋಗ ಆಗಲಿಲ್ಲ" ಅಂತ ಬರುವವರಿಗೆ ನಾನು ಮೊದಲು ಕೇಳುವುದೇ ಯಾವಾಗ ನುಂಗಿದಿರಿ ಅಂತ.

ಗಂಧೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಜನ ಹೆಚ್ಚು ಒದ್ದಾಡುವುದು ಇದರಲ್ಲೇ. ಆರು ವಾರ ದಾಟಿದ ಗಂಧೆಯನ್ನು ದೀರ್ಘಕಾಲದ್ದು ಅನ್ನುತ್ತೇವೆ. ನಿಮ್ಮದು ಆ ಗೆರೆ ದಾಟಿದೆ. ಇಂಥ ಗಂಧೆಗೆ ಹೆಚ್ಚಿನವರಲ್ಲಿ ಹೊರಗಿನ ಕಾರಣವೇ ಸಿಗುವುದಿಲ್ಲ. ಬದನೆಕಾಯಿ, ಶೇಂಗಾ, ಮೊಸರು ಅಂತ ಒಂದೊಂದೇ ಬಿಟ್ಟು ಕೊನೆಗೆ ಬರೀ ಅನ್ನ-ಸಾರಿಗೆ ಬಂದು ನಿಂತ ಹೆಣ್ಣುಮಕ್ಕಳನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ತಿಂದು ಸ್ವಲ್ಪ ಹೊತ್ತಿಗೇ ಪ್ರತಿ ಸಲವೂ ಗಂಧೆ ಎದ್ದರೆ ಮಾತ್ರ ಆ ಪದಾರ್ಥವನ್ನು ಅನುಮಾನಿಸಿ. ಅದಕ್ಕಿಂತ ಮೊದಲು ನೀವು ನುಂಗುವ ನೋವಿನ ಗುಳಿಗೆ ನೋಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಗಂಧೆಯನ್ನು ಕೆರಳಿಸುತ್ತವೆ. ಬಿಗಿಯಾದ ಬೆಲ್ಟು, ಬಿಸಿನೀರಿನ ಸ್ನಾನ ಕೂಡ. ಗಂಧೆ ಎದ್ದರೆ ಕಂಬಳಿಯಿಂದ ಮೈ ತಿಕ್ಕುವ ಪದ್ಧತಿ ಇದೆ ಅಲ್ವಾ, ದಯವಿಟ್ಟು ಅದನ್ನು ಬಿಡಿ. ತಿಕ್ಕಿದರೆ ಚರ್ಮದಲ್ಲಿ ಇನ್ನಷ್ಟು ಹಿಸ್ಟಮಿನ್ ಹೊರಬರಬಹುದು.

ಗುಳಿಗೆ ದಿನಾ ಯಾಕೆ? ಹಿಸ್ಟಮಿನ್ ಹೋಗಿ ಕೂರುವ ಜಾಗದಲ್ಲಿ ಗುಳಿಗೆ ಮೊದಲೇ ಹೋಗಿ ಕೂರಬೇಕು. ಚಿಗರಿ ಬಸ್ಸಿನಲ್ಲಿ ಎಲ್ಲರೂ ಕೂತ ಮೇಲೆ ಹತ್ತಿದರೆ ಸೀಟು ಸಿಗುತ್ತದಾ? ಎದ್ದ ಗಂಧೆಯನ್ನು ಗುಳಿಗೆ ಅಳಿಸುವುದಿಲ್ಲ, ಮುಂದಿನದನ್ನು ತಡೆಯುತ್ತದೆ. ಹಾಗಾಗಿ ಮೈ ಸ್ವಚ್ಛವಾಗಿರುವ ದಿನವೂ ನುಂಗಬೇಕು. ಎರಡರಿಂದ ನಾಲ್ಕು ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಅದೇ ಗುಳಿಗೆಯ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸುವ ದಾರಿ ಇದೆ. ಇದು ಡಾಕ್ಟರ ಕಣ್ಣಳತೆಯಲ್ಲೇ ಆಗಬೇಕು. ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಇದೆ, ಅದನ್ನು ಚರ್ಮರೋಗ ತಜ್ಞರು ನಿರ್ಧರಿಸುತ್ತಾರೆ. ಗಂಧೆ ಎದ್ದಾಗೆಲ್ಲ ಹೋಗಿ ಸ್ಟಿರಾಯ್ಡ್ ಸೂಜಿ ಮಾಡಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆಮೇಲೆ ಶುಗರ್, ಬಿಪಿ, ಎಲುಬು ಎಲ್ಲಕ್ಕೂ ಪೆಟ್ಟು.

ಒಂದು ಕೆಲಸ ಮಾಡಿ. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆದಿಡಿ. 24 ತಾಸಿನೊಳಗೆ ಅದು ಮಾಯವಾಗಿ ಬೇರೆ ಕಡೆ ಎದ್ದರೆ ಅದು ಮಾಮೂಲಿ ಪಿತ್ತದ ಗಂಧೆ. ಅಲ್ಲೇ ಉಳಿದು, ನೋವು ಇದ್ದು, ಕಂದಿದ ಕಲೆ ಬಿಟ್ಟು ಹೋದರೆ ರಕ್ತನಾಳದ ಉರಿಯೂತ ಇರಬಹುದು. ಆಗ ಗುಳಿಗೆ ಬದಲಿಸುತ್ತಾ ಕೂರದೆ ಚರ್ಮದ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ (ಬಯಾಪ್ಸಿ) ಮಾಡಿಸಬೇಕು.

ಮೂಗಿಗೆ ಬರೋಣ. ಸೀನು, ತುರಿಕೆ, ನೀರು ಸೋರುವುದಕ್ಕೆ ಈ ಗುಳಿಗೆಗಳು ಒಳ್ಳೆಯವು. ಮೂಗು ಕಟ್ಟುವುದಕ್ಕೆ ಅಷ್ಟು ಉಪಯೋಗ ಆಗುವುದಿಲ್ಲ. ದಿನಾ ಕಾಡುವ ತೊಂದರೆಗೆ ಮೊಮೆಟಸೋನ್ ಅಥವಾ ಫ್ಲುಟಿಕಸೋನ್ ಸ್ಪ್ರೇ ಗುಳಿಗೆಗಿಂತ ಮೇಲು. ಸ್ಟಿರಾಯ್ಡ್ ಅಂತ ಹೆದರಬೇಡಿ, ಮೈಗೆ ಸೇರುವುದು ತೀರಾ ಕಡಿಮೆ. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ ಬಳಸಿ, ಸ್ಪ್ರೇ ತುದಿ ನಡುವಿನ ಗೋಡೆಯಿಂದ ಹೊರಕ್ಕೆ, ಕಿವಿಯ ಕಡೆ ಇರಲಿ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಕ್ಷಣದಲ್ಲಿ ಮೂಗು ತೆರೆಸುವ ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಆ ಹನಿಯಿಂದಲೇ ಮೂಗು ಕಟ್ಟುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಸೀನು ಅಂದರೆ ಹಾಸಿಗೆಯ ಧೂಳುಹುಳುವಿನ ಅನುಮಾನ ಬರುತ್ತದೆ. ಹೊಲದ ಬದುವಿನ ಕಾಂಗ್ರೆಸ್ ಕಸದ ಪರಾಗವೂ ಅಲರ್ಜಿ ತರುತ್ತದೆ. ಆದರೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಬರುವ ಸೀನು ಬೇರೆ. ಅದು ಮೆಣಸಿನಕಾಯಿಯ ಖಾರ ಮೂಗಿನ ನರಗಳನ್ನು ಕೆರಳಿಸಿ ಬರುವುದು. ಅದಕ್ಕೆ ಅಲರ್ಜಿ ಗುಳಿಗೆ ಎಷ್ಟು ನುಂಗಿದರೂ ಹೆಚ್ಚು ಉಪಯೋಗ ಇಲ್ಲ, ಮುಖಕ್ಕೆ ಮಾಸ್ಕ್ ಇರಬೇಕು.

ಮಾಂಟೆಲುಕಾಸ್ಟ್ ಸೇರಿದ ಗುಳಿಗೆ ಎಲ್ಲ ಕಡೆ ಸಿಗುತ್ತದೆ. ನಿಮಗೆ ಆಸ್ತಮಾ ಇಲ್ಲದಿದ್ದರೆ ಬರೀ ಸೀನಿಗೆ ಅದು ಮೊದಲ ಆಯ್ಕೆ ಆಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿದ್ದೆಗೆಡುವುದು, ಕೆಟ್ಟ ಕನಸು, ಮನಸ್ಸು ಕುಗ್ಗುವುದು ಇಂಥ ತೊಂದರೆಗಳಿಂದಾಗಿ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾಂಟೆಲುಕಾಸ್ಟ್‌ಗೆ ತನ್ನ ಅತ್ಯಂತ ಕಠಿಣ ಎಚ್ಚರಿಕೆ ಹಾಕಿತು. ಅದೇ ಎಫ್‌ಡಿಎ 2025ರಲ್ಲಿ ಇನ್ನೊಂದು ಮಾತು ಹೇಳಿದೆ. ಸೆಟ್ರಿಜಿನ್ ಅಥವಾ ಲಿವೋಸೆಟ್ರಿಜಿನ್ ಅನ್ನು ತಿಂಗಳುಗಟ್ಟಲೆ ದಿನಾ ನುಂಗಿ ಒಮ್ಮೆಲೇ ಬಿಟ್ಟರೆ ಕೆಲವರಿಗೆ, ಅಪರೂಪಕ್ಕೆ, ಮೈಯೆಲ್ಲ ತೀವ್ರ ತುರಿಕೆ ಬರಬಹುದು. ಬಿಡುವಾಗ ಡಾಕ್ಟರನ್ನು ಕೇಳಿ ಬಿಡಿ.

ತಾಯಿಯವರಿಗೆ ಹಳೆ ಗುಂಪಿನ ಗುಳಿಗೆ ಯಾವುದೂ ಬೇಡ. ಆ ವಯಸ್ಸಿನಲ್ಲಿ ಅವು ಗಲಿಬಿಲಿ, ಬಾಯಿ ಒಣಗುವುದು, ಮಲಬದ್ಧತೆ ತರುತ್ತವೆ. ರಾತ್ರಿ ಎದ್ದು ಹೋಗುವಾಗ ಬೀಳುವ ಅಪಾಯವೂ ಇದೆ. ಕಣ್ಣಿನ ಒತ್ತಡದ ಕಾಯಿಲೆ ಇದ್ದರಂತೂ ಇನ್ನೂ ಎಚ್ಚರ ಬೇಕು. ಸೆಟ್ರಿಜಿನ್, ಲಿವೋಸೆಟ್ರಿಜಿನ್ ಹೆಚ್ಚಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತವೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು, ತೀರಾ ಕೆಟ್ಟಿದ್ದರೆ ಕೊಡಲೇಬಾರದು. ಮೊದಲು ಮೂತ್ರಪಿಂಡ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಅವರ ಬಿಪಿ ಗುಳಿಗೆ ರಾಮಿಪ್ರಿಲ್ ಅಥವಾ ಎನಾಲಾಪ್ರಿಲ್ ಆಗಿದ್ದು, ಗಂಧೆ ಇಲ್ಲದೆ ತುಟಿ ಅಥವಾ ನಾಲಗೆ ಊದಿದರೆ ಅದಕ್ಕೆ ಆ ಬಿಪಿ ಗುಳಿಗೆಯೇ ಕಾರಣ ಇರಬಹುದು. ಆಗ ಅಲರ್ಜಿ ಗುಳಿಗೆಯಿಂದ ಊತ ಇಳಿಯುವುದಿಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮಗಾಗಲಿ ಅವರಿಗಾಗಲಿ ಗಂಧೆಯ ಜೊತೆ ಉಸಿರು ಕಟ್ಟಿದರೆ, ದನಿ ಬದಲಾದರೆ, ತಲೆ ತಿರುಗಿ ಬಿದ್ದರೆ ಗುಳಿಗೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್. ಏವಿಲ್ ಸೂಜಿ ಅದರ ಜಾಗ ತುಂಬುವುದಿಲ್ಲ.

ತಾಯಿಯವರ ಬಿಪಿ ಗುಳಿಗೆಯ ಹೆಸರು, ಕ್ರಿಯಾಟಿನಿನ್ ರಿಪೋರ್ಟ್ ಸಿಕ್ಕರೆ ಬರೆಯಿರಿ. ಅವರಿಗೆ ಯಾವ ಗುಳಿಗೆ ಅಂತ ನಿಮ್ಮ ಡಾಕ್ಟರ ಹತ್ತಿರ ಏನೇನು ಕೇಳಬೇಕು ಎಂದು ಹೇಳುತ್ತೇನೆ.