ರದ್ದಿ ಕಾಗದದ ಕೈಕೆಲಸ: ನೀವು ಕೇಳಿದ್ದು, ನಾವು ಹೇಳುವುದು

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಗೋಡೆಗೆ ಅಂಟಿಸುವ ದುಂಡನೆಯ ಬೀಸಣಿಗೆ ಹೂ ಮಾಡಿದೆ. ಮಡಿಕೆ ಚೆನ್ನಾಗಿ ಬಂತು. ಆದರೆ ಎರಡು ತುದಿ ಸೇರಿಸಿ ಅಂಟಿಸಿದ ಮೇಲೆ ಟೋಪಿಯ ಹಾಗೆ ಎದ್ದು ನಿಲ್ಲುತ್ತದೆ, ಒತ್ತಿದರೆ ಹರಿಯುತ್ತದೆ. ಏನು ತಪ್ಪಾಗಿದೆ?
– ದಾವಣಗೆರೆಯ ಓದುಗರು

ಉತ್ತರ: ಪಟ್ಟಿಯ ಉದ್ದ ಸಾಲದಾಗಿದೆ, ಅಷ್ಟೇ. 10 ಸೆಂ.ಮೀ. ಅಗಲದ ಪಟ್ಟಿ ತೆಗೆದುಕೊಂಡರೆ 20 ಸೆಂ.ಮೀ. ಅಡ್ಡಳತೆಯ ಹೂ ಆಗಬೇಕು. ಅದರ ಸುತ್ತಳತೆ ಸುಮಾರು 63 ಸೆಂ.ಮೀ. ಪಟ್ಟಿ ಅದಕ್ಕಿಂತ ಗಿಡ್ಡವಾದರೆ ಮಡಿಕೆಯೆಲ್ಲ ಬಿಚ್ಚಿಕೊಂಡರೂ ಹೂ ಮಲಗುವುದಿಲ್ಲ. ಸರಿಯಾಗಿ 63 ಇದ್ದರೆ ಮಲಗುತ್ತದೆ, ಆದರೆ ಅಂಚಿನಲ್ಲಿ ಮಡಿಕೆಯೇ ಉಳಿಯದೆ ಸಪ್ಪೆ ಕಾಣುತ್ತದೆ. ಅಗಲದ ಒಂಬತ್ತು ಪಟ್ಟು ಉದ್ದ, ಅಂದರೆ 90 ಸೆಂ.ಮೀ. ಇಟ್ಟುಕೊಳ್ಳಿ. ಎರಡು ಮೂರು ತುಂಡು ಸೇರಿಸುವಾಗ ಒಂದರ ಕೊನೆಯ ಮಡಿಕೆಯ ಮೇಲೆ ಇನ್ನೊಂದರ ಮೊದಲ ಮಡಿಕೆಯನ್ನು ಪೂರ್ತಿ ಕೂರಿಸಿ ಅಂಟಿಸಿ, ಜೋಡಿಸಿದ್ದೇ ತಿಳಿಯುವುದಿಲ್ಲ. ಮಡಿಕೆ ಒಂದೂವರೆ ಸೆಂ.ಮೀ. ಇರಲಿ.

ಇನ್ನೊಂದು ಮಾತು. ಕಾಗದಕ್ಕೆ ನಾರಿನ ದಿಕ್ಕು ಅಂತ ಇರುತ್ತದೆ. ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದರೆ ನೆಟ್ಟಗೆ ಸೀಳುತ್ತದೆ, ಅಡ್ಡಡ್ಡ ಹರಿದರೆ ಎಲ್ಲೆಲ್ಲೋ ಹೋಗುತ್ತದೆ. ನೆಟ್ಟಗೆ ಸೀಳುವ ದಿಕ್ಕಿನಲ್ಲೇ ಮಡಿಕೆಯ ಗೆರೆ ಬಂದರೆ ಚೂಪಾಗಿ ಕೂರುತ್ತದೆ. ಅಡ್ಡ ಬಂದರೆ ದಪ್ಪ ಕ್ಯಾಲೆಂಡರ್ ಹಾಳೆ ಮಡಿಕೆಯಲ್ಲೇ ಬಿರಿಯುತ್ತದೆ. ಮೊದಲು ಮೂಲೆಯಲ್ಲಿ ಸ್ವಲ್ಪ ಹರಿದು ನೋಡಿ.

ಮಲಗಿಸಿದ ಹೂ ಮತ್ತೆ ಎದ್ದೇಳದಂತೆ ಹಿಂಬದಿಗೆ ಹಳೇ ಮದುವೆ ಪತ್ರಿಕೆಯಿಂದ 5 ಸೆಂ.ಮೀ. ಅಗಲದ ಬಿಲ್ಲೆ ಕತ್ತರಿಸಿ ಫೆವಿಕಾಲ್ ಹಚ್ಚಿ, ಮೇಲೆ ಅಕ್ಕಿ ಡಬ್ಬ ಹೇರಿ ಅರ್ಧ ಗಂಟೆ ಬಿಡಿ. ಎರಡೇ ನಿಮಿಷಕ್ಕೆ ಎತ್ತಿ ನೋಡಿದರೆ ಮತ್ತೆ ಟೋಪಿ!

ಪ್ರಶ್ನೆ: ಬಲೂನಿನ ಮೇಲೆ ಪೇಪರ್ ಚೂರು, ಮೈದಾ ಅಂಟು ಹಚ್ಚಿ ಬಟ್ಟಲು ಮಾಡುತ್ತಿದ್ದೇನೆ. ಮಳೆಗಾಲ. ಮೂರನೇ ದಿನಕ್ಕೆ ಬೂಷ್ಟು ಬಂತು. ಒಣಗಿದ್ದೂ ಸೊಟ್ಟಗಾಗಿದೆ. ಅಂಟಿಗೆ ಮೈಲುತುತ್ತ ಹಾಕಬಹುದೇ?
– ಶಿರಸಿಯ ಓದುಗರು

ಉತ್ತರ: ಮೈಲುತುತ್ತ ಬೇಡ. ಹುಳ ಬಾರದಿರಲೆಂದು ಅಂಟಿಗೆ ಅದನ್ನು ಬೆರೆಸುವ ರೂಢಿ ಇತ್ತು ನಿಜ, ಆದರೆ ಅದು ವಿಷ. ಮಕ್ಕಳು ಬೆರಳದ್ದುವ ಬಟ್ಟಲಿಗೆ ಖಂಡಿತ ಸಲ್ಲದು.

ಬೂಷ್ಟಿಗೆ ಮೈದಾ ಎಂದರೆ ಊಟ, ತೇವ ಎಂದರೆ ಮನೆ. ನೀವು ಬಹುಶಃ ಐದೂ ಪದರವನ್ನು ಒಂದೇ ಕೂರಿಕೆಯಲ್ಲಿ ಹಚ್ಚಿದ್ದೀರಿ. ಮೇಲ್ಪದರ ಒಣಗಿ ಬಿಗಿದುಕೊಂಡಿತು, ಒಳಗಿನ ನೀರಿಗೆ ದಾರಿ ಸಿಗಲಿಲ್ಲ. ಎರಡು ಪದರ ಹಚ್ಚಿ, ಫ್ಯಾನಿನ ಕೆಳಗೆ ತೂಗುಹಾಕಿ ಒಣಗಿಸಿ, ಆಮೇಲೆ ಮುಂದಿನದು. ಒಣಗಿದೆಯೇ ಎಂದು ಬೆರಳಿಗಿಂತ ಕೆನ್ನೆಗೆ ಒತ್ತಿ ನೋಡುವುದು ವಾಸಿ: ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ಬಣ್ಣ ಬಳಿಯಲು ಅವಸರಪಟ್ಟರೂ ಇದೇ ಗತಿ.

ಅಂಟಿನ ಅಳತೆ: ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನಾಲ್ಕು ಲೋಟ ನೀರಿಗೆ ಸುರಿದು, ಬಿಳಿ ಹೋಗಿ ಮಬ್ಬು ಗಾಜಿನಂತಾಗುವವರೆಗೆ ಕೈಯಾಡಿಸಿ. ಆರಿದ ಮೇಲೆ ಬಳಸಿ. ಹುಳಿ ವಾಸನೆ ಬಂದರೆ ಚೆಲ್ಲಿ. ನಿಮ್ಮ ಮಳೆಗೆ ಮಾತ್ರ ಮೈದಾಕ್ಕಿಂತ ಎರಡು ಪಾಲು ಫೆವಿಕಾಲ್, ಒಂದು ಪಾಲು ನೀರು ಮೇಲು. ಖರ್ಚು ಹೆಚ್ಚು, ಒಣಗುವುದು ಬೇಗ. ಚೂರನ್ನು ಅದ್ದಿದ ಮೇಲೆ ಎರಡು ಬೆರಳ ನಡುವೆ ಎಳೆದು ಹೆಚ್ಚಿನ ಅಂಟು ತೆಗೆಯಿರಿ. ಕತ್ತರಿ ಬೇಡ, ಕೈಯಲ್ಲೇ ಹರಿಯಿರಿ. ಹರಿದ ಅಂಚಿನ ನಾರು ಕೆಳಗಿನ ಪದರದಲ್ಲಿ ಬೆರೆತುಹೋಗುತ್ತದೆ, ಕತ್ತರಿಸಿದ ಅಂಚು ಬಣ್ಣದಡಿಯಲ್ಲೂ ಗೆರೆಯಾಗಿ ಕಾಣುತ್ತದೆ. ಒಂದು ಪದರ ಕನ್ನಡ ಪತ್ರಿಕೆ, ಮುಂದಿನದು ಇಂಗ್ಲಿಷ್ ಪತ್ರಿಕೆ ಮಾಡಿಕೊಂಡರೆ ಎಲ್ಲಿ ಬಿಟ್ಟುಹೋಗಿದೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ.

ಸೊಟ್ಟಗಾಗಿದ್ದು ಬಲೂನಿನ ಗಾಳಿಯಿಂದ. ಬಿಸಿಲಲ್ಲಿ ಅದು ಹಿಗ್ಗುತ್ತದೆ, ರಾತ್ರಿ ತಂಪಿಗೆ ಕುಗ್ಗಿ ಹಸಿ ಕಾಗದವನ್ನೂ ಜೊತೆಗೆ ಎಳೆಯುತ್ತದೆ. ದಿನವಿಡೀ ಒಂದೇ ಕೋಣೆಯಲ್ಲಿಡಿ. ಕೊನೆಗೆ ಢಬ್ ಎನಿಸದೆ ಗಂಟಿನ ಬಳಿ ಸಣ್ಣಗೆ ಕತ್ತರಿಸಿ ಗಾಳಿಯನ್ನು ನಿಧಾನ ಬಿಡಿ. ಬೂಷ್ಟು ಬಂದ ಬಟ್ಟಲನ್ನು ಉಳಿಸಲು ಹೋಗಬೇಡಿ.

ಪ್ರಶ್ನೆ: ಅಜ್ಜಿ ಕಾಗದ ನೆನೆಸಿ, ಮೆಂತ್ಯ ಹಾಕಿ ರುಬ್ಬಿ ಬುಟ್ಟಿ ಮಾಡುತ್ತಿದ್ದರು. ಅಳತೆ ಹೇಳುತ್ತೀರಾ? ಅದರಲ್ಲಿ ತಿಂಡಿ ಇಡಬಹುದೇ?
– ಮೈಸೂರಿನ ಓದುಗರು

ಉತ್ತರ: ಅರ್ಧ ಕಿಲೋ ಕಾಗದಕ್ಕೆ 100 ಗ್ರಾಂ ಮೆಂತ್ಯ ಸಾಕು. ಕಾಗದವನ್ನು ಚೂರು ಮಾಡಿ ಎರಡು ಮೂರು ದಿನ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸಿ. ಮೆಂತ್ಯ ಒಂದು ರಾತ್ರಿ ನೆನೆದರೆ ಸಾಕು, ಬೇರೆಯಾಗಿ ನುಣ್ಣಗೆ ರುಬ್ಬಿ. ಅದರ ಲೋಳೆಯೇ ಇಲ್ಲಿ ಅಂಟು. ಕಾಗದಕ್ಕೆ ಗ್ರೈಂಡರ್ ಒಳ್ಳೆಯದು. ಮಿಕ್ಸಿಯಾದರೆ ಒಂದು ಹಿಡಿ ಕಾಗದಕ್ಕೆ ಎರಡು ಲೋಟ ನೀರು ಹಾಕಿ, ಇಲ್ಲವಾದರೆ ಬ್ಲೇಡು ಸಿಕ್ಕಿಕೊಂಡು ಮೋಟಾರು ಬಿಸಿಯಾಗುತ್ತದೆ. ಹಿಂಡಿ, ಎರಡನ್ನೂ ನಾದಿ, ಬೋರಲು ಹಾಕಿದ ಪಾತ್ರೆಗೆ ಒದ್ದೆ ಬಟ್ಟೆ ಹೊದಿಸಿ ಅರ್ಧ ಸೆಂ.ಮೀ. ದಪ್ಪಕ್ಕೆ ತಟ್ಟಿ. ಮೊದಲ ದಿನ ನೆರಳಲ್ಲೇ ಇರಲಿ. ನೇರ ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಅರೆ ಒಣಗಿದಾಗ ಚಮಚದ ಬೆನ್ನಿನಿಂದ ಉಜ್ಜಿದರೆ ನುಣುಪಾಗುತ್ತದೆ.

ತಿಂಡಿಯನ್ನು ನೇರವಾಗಿ ಇಡಬೇಡಿ. ನೀರು ಬದಲಿಸಿದರೂ ಮುದ್ರಣದ ಶಾಯಿ ಪೂರ್ತಿ ಹೋಗುವುದಿಲ್ಲ. ಆಹಾರವನ್ನು ಪತ್ರಿಕೆಯಲ್ಲಿ ಸುತ್ತಬೇಡಿ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳುತ್ತಿರುವುದೂ ಇದಕ್ಕೇ. ಅರಿಶಿನ-ಕುಂಕುಮದ ಭರಣಿ, ನೂಲಿನ ಉಂಡೆ, ಹುಟ್ಟುಹಬ್ಬದ ದಿನ ಕಾಗದ ಸುತ್ತಿದ ಚಾಕೊಲೇಟು, ಇವಕ್ಕೆ ಚೆನ್ನ.

ಪ್ರಶ್ನೆ: ಅಂಗಡಿ ಬಿಲ್ಲು, ನುಣುಪು ಮ್ಯಾಗಜಿನ್ ಹಾಳೆ ಉಪಯೋಗಕ್ಕೆ ಬರುತ್ತವೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಉಗುರಲ್ಲಿ ಗೀರಿದರೆ ಕಪ್ಪಾಗುವ ಬಿಲ್ಲು, ಎಟಿಎಂ ಚೀಟಿ ಬೇಡ, ಅವಕ್ಕೆ ರಾಸಾಯನಿಕ ಲೇಪ ಇರುತ್ತದೆ, ಮಕ್ಕಳ ಕೈಗೆ ಹತ್ತುತ್ತದೆ. ನುಣುಪು ಹಾಳೆ ಅಂಟನ್ನು ಹೀರದು, ಬಟ್ಟಲಿಗೆ ಪ್ರಯೋಜನವಿಲ್ಲ. ಮಣಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತಳ 2 ಸೆಂ.ಮೀ., ಉದ್ದ 25 ಸೆಂ.ಮೀ. ಇರುವ ಚೂಪು ತ್ರಿಕೋನ ಕತ್ತರಿಸಿ, ಅಗಲದ ಕಡೆಯಿಂದ ಊದಿನಕಡ್ಡಿಯ ಬರೀ ಕಡ್ಡಿಗೆ ಬಿಗಿಯಾಗಿ ಸುತ್ತಿ. ಮೊದಲ ಸುತ್ತಿಗೆ ಅಂಟು ಹಚ್ಚಬೇಡಿ, ಕಡ್ಡಿಗೇ ಅಂಟಿಕೊಳ್ಳುತ್ತದೆ. ತುದಿ ಸುತ್ತಿನ ನಟ್ಟನಡುವೆ ಮುಗಿಯಬೇಕು. ಒಂದು ಬದಿಗೆ ಸರಿದರೆ ಬಿಚ್ಚಿ ಮತ್ತೆ ಸುತ್ತಿ, ಆಮೇಲೆ ತಿದ್ದಲು ಬರುವುದಿಲ್ಲ.