ಹಲವು ದೇಶಗಳಲ್ಲಿ ಕಚೇರಿ ಇರುವ ಕಂಪನಿಗೆ ಲಾಗಿನ್ ಮತ್ತು ಅನುಮತಿಗಳ ವ್ಯವಸ್ಥೆ ಮಾಡಬೇಕು. ಯೋಜನೆ ಎಲ್ಲಿಂದ ಶುರು ಮಾಡಲಿ?

ಯಾವ ಟೂಲ್ ಕೊಳ್ಳೋಣ ಎಂಬಲ್ಲಿಂದ ಮಾತ್ರ ಬೇಡ. ಓಕ್ಟಾ ಆಗಲಿ, ಮೈಕ್ರೋಸಾಫ್ಟ್ ಎಂಟ್ರಾ ಆಗಲಿ, ಇಂಥ ಲಾಗಿನ್ ಸೇವೆಗಳೆಲ್ಲ ಲಾಗಿನ್ ಕೆಲಸ ಮಾಡಿಯೇ ಮಾಡುತ್ತವೆ. ಮೊದಲು ತೀರ್ಮಾನ ಆಗಬೇಕಾದ್ದು ಇದು: ಈ ವ್ಯಕ್ತಿ ನಮ್ಮ ನೌಕರ ಎಂದು ಹೇಳುವ ಮೂಲ ದಾಖಲೆ ಯಾವುದು? ಸಾಮಾನ್ಯವಾಗಿ ಎಚ್‌ಆರ್ ಸಾಫ್ಟ್‌ವೇರ್. ಆದರೆ ಜರ್ಮನಿಗೊಂದು, ಭಾರತಕ್ಕೊಂದು ಇದ್ದರೆ, ಬೆಂಗಳೂರಿನಿಂದ ಮ್ಯೂನಿಕ್‌ಗೆ ವರ್ಗವಾದವರಿಗೆ ಎರಡು ಗುರುತು ಹುಟ್ಟಿಕೊಳ್ಳುತ್ತದೆ. ಎಲ್ಲಿ ಹೋದರೂ ಬದಲಾಗದ ಒಂದೇ ನಂಬರ್ ಕೊಡಿ. ಇಮೇಲ್ ಈ ಕೆಲಸಕ್ಕೆ ಆಗಲ್ಲ, ಹೆಸರು ಬದಲಾದರೆ ಅದೂ ಬದಲಾಗುತ್ತದೆ.

ನಿಜವಾದ ತಲೆನೋವು ಕೆಲಸ ಬಿಟ್ಟವರದ್ದು. ಹೊಸಬರಿಗೆ ಲಾಗಿನ್ ಸಿಗದಿದ್ದರೆ ಅದೇ ದಿನ ಗಲಾಟೆ. ಹೋದವರ ಖಾತೆ ಉಳಿದರೆ ಯಾರೂ ಕೇಳಲ್ಲ, ಅಲ್ವಾ? 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ದಾಳಿಕೋರರು ನುಗ್ಗಿದ್ದು ಬಳಕೆಯಲ್ಲಿಲ್ಲದ ಹಳೇ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕ್‌ಗೆ ಸೇರುವ ದಾರಿ) ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ಹಂತದ ಪರಿಶೀಲನೆಯೇ ಇರಲಿಲ್ಲ. ಕಾಂಟ್ರ್ಯಾಕ್ಟ್ ಮೇಲೆ ಬಂದವರು ಎಷ್ಟೋ ಕಡೆ ಎಚ್‌ಆರ್ ಪಟ್ಟಿಯಲ್ಲೇ ಇರುವುದಿಲ್ಲ. ಅವರ ಖಾತೆ ತೆರೆಯುವಾಗಲೇ ಕೊನೆಯ ದಿನಾಂಕ ಹಾಕಿಬಿಡಿ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ಎಂಬ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ನೌಕರರ ಮಾಹಿತಿಗೂ ಅನ್ವಯಿಸುತ್ತದೆ. ಎಲ್ಲ ದೇಶಗಳ ನೌಕರರ ಖಾತೆಗಳಿರುವ ಕೇಂದ್ರ ಡೈರೆಕ್ಟರಿಗೆ ಹೆಸರು, ವಿಭಾಗ, ಮ್ಯಾನೇಜರ್ ಇಷ್ಟು ಸಾಕು. ಜನ್ಮದಿನ, ಮನೆ ವಿಳಾಸ ಸುಮ್ನೆ ಕಳಿಸಬೇಡಿ. ಜರ್ಮನಿಯ ಕಚೇರಿಯಲ್ಲಿ ನೌಕರರೇ ಆರಿಸಿದ ನೌಕರರ ಮಂಡಳಿ ಇದ್ದರೆ, ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆಗಳ ಬಗ್ಗೆ ಅದರ ಜೊತೆ ಮೊದಲೇ ಮಾತಾಡಿ. ತಡವಾದರೆ ಯೋಜನೆಯೇ ನಿಲ್ಲಬಹುದು.

ಹಾಂ, ಲಾಗಿನ್ ಸೇವೆಯೇ ಕೆಟ್ಟಾಗ ಒಳಹೋಗಲು ಎರಡು ತುರ್ತು ಅಡ್ಮಿನ್ ಖಾತೆ ಬೇರೆ ಇಟ್ಟಿರಿ.